ಇಲ್ಲದ ದನಿ ಕೇಳಿಸಿದರೆ ಅದು ಸ್ಕಿಜೋಫ್ರೇನಿಯಾವೇ? ಉತ್ತರ ಹುಡುಕಲು ಡಾ. ಗೋಲ್ಡ್‌ಬರ್ಗರ್ ಬದುಕು ನೋಡಿ

ಮನೆಯಲ್ಲೊಬ್ಬರಿಗೆ ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಸಂಶಯ, ಕಿವಿಯಲ್ಲಿ ಇಲ್ಲದ ದನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಆಗಲಿ, ಬೇರೆ ಊರಾಗಲಿ, ಸಾಮಾನ್ಯವಾಗಿ ಬರುವ ಮಾತು ಎರಡು: ಯಾರೋ ಮಾಟ ಮಾಡಿಸಿದ್ದಾರೆ, ಇಲ್ಲವೇ ತಲೆ ಕೆಟ್ಟಿದೆ. ಮೂರನೆಯದೂ ಇದೆ: ದೇಹದ ಕಾಯಿಲೆ. ಅಂಥ ಒಂದು ಕಾಯಿಲೆಯ ಬೆನ್ನು ಹತ್ತಿದ ವೈದ್ಯರ ಕಥೆ ಇದು.

ಜೋಸೆಫ್ ಗೋಲ್ಡ್‌ಬರ್ಗರ್ ಹುಟ್ಟಿದ್ದು 1874ರಲ್ಲಿ, ಇಂದಿನ ಸ್ಲೊವಾಕಿಯಾದಲ್ಲಿ. ಬಾಲ್ಯದಲ್ಲೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ವೈದ್ಯರಾಗಿ ಸರ್ಕಾರಿ ಆರೋಗ್ಯ ಸೇವೆ ಸೇರಿದ ಅವರಿಗೆ 1914ರಲ್ಲಿ ಪೆಲ್ಲಾಗ್ರಾದ ಹೊಣೆ ಬಂತು. ಈ ರೋಗದಲ್ಲಿ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಆಗುತ್ತದೆ, ಕೊನೆಗೆ ಬುದ್ಧಿ ಭ್ರಮಿಸುತ್ತದೆ. ಎಷ್ಟೋ ರೋಗಿಗಳು ಹುಚ್ಚಾಸ್ಪತ್ರೆ ಸೇರಿದ್ದರು.

ಇದು ಸೋಂಕು ಎಂದೇ ಅನೇಕ ವೈದ್ಯರು ನಂಬಿದ್ದರು. ಆದರೆ ಆಸ್ಪತ್ರೆಯ ರೋಗಿಗಳಿಗೆ ಬಂದದ್ದು ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಗೋಲ್ಡ್‌ಬರ್ಗರ್ ಕಣ್ಣು ಊಟದ ತಟ್ಟೆಯತ್ತ ಹೋಯಿತು. ಬಡವರ ಊಟ ಬಹುತೇಕ ಮೆಕ್ಕೆಜೋಳವೇ. ಅನಾಥಾಲಯಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದರು. ರೋಗ ಹಿಂದೆ ಸರಿಯಿತು. 1915ರಲ್ಲಿ ಮಿಸ್ಸಿಸ್ಸಿಪ್ಪಿಯ ಜೈಲಿನಲ್ಲಿ ಬಿಡುಗಡೆಯ ಭರವಸೆ ಪಡೆದ 11 ಕೈದಿಗಳು ಬಡ ಊಟ ಉಂಡರು. 6 ಮಂದಿಗೆ ರೋಗ ಕಾಣಿಸಿತು. ಆದರೂ ಟೀಕಾಕಾರರು ಒಪ್ಪಲಿಲ್ಲ. 1916ರಲ್ಲಿ ಅವರು, ಪತ್ನಿ ಮೇರಿ, ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ತಮಗೇ ಚುಚ್ಚಿಕೊಂಡರು. ಯಾರಿಗೂ ಪೆಲ್ಲಾಗ್ರಾ ಬರಲಿಲ್ಲ.

1929ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಊಟದಲ್ಲಿ ಕೊರತೆಯಾಗಿದ್ದುದು ನಯಾಸಿನ್ ಎಂಬ ವಿಟಮಿನ್ ಎಂದು ತಿಳಿದದ್ದು 1937ರಲ್ಲಿ.

ಇದು ದೂರದ ಕಥೆ ಅಲ್ಲ. 1960ರ ದಶಕದಲ್ಲಿ ಹೈದರಾಬಾದಿನ ಡಾ. ಸಿ. ಗೋಪಾಲನ್ ತಂಡ ಹೆಚ್ಚಾಗಿ ಬಿಳಿಜೋಳವನ್ನೇ ಉಣ್ಣುವ ಬಡವರಲ್ಲಿ ಇದೇ ರೋಗ ವಿವರಿಸಿತು. ಹಾಗಂತ ರೊಟ್ಟಿ ಬಿಡಬೇಕಿಲ್ಲ. ಜೊತೆಗೆ ಬೇಳೆ, ಶೇಂಗಾ ಹಿಂಡಿ, ಮೊಸರು ಇದ್ದರೆ ಸಾಕು.

ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮೂರ್ಛೆರೋಗ, ಹಿರಿಯರಲ್ಲಿ ಮೂತ್ರದ ಸೋಂಕು, ಕೆಲವು ಔಷಧಿಗಳು, ದಿನಗಟ್ಟಲೆ ನಿದ್ದೆಗೇಡು, ತೀವ್ರ ಖಿನ್ನತೆ ಕೂಡ ಭ್ರಮೆ ತರಬಹುದು. ಜ್ವರದ ಜೊತೆ ಬಂದರೆ, ಅಥವಾ ದಿನವೂ ಕುಡಿಯುವವರು ಥಟ್ಟನೆ ಬಿಟ್ಟಾಗ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮಾನಸಿಕ ರೋಗದ ಗುಳಿಗೆ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಮಾತಾಡಲು ಟೆಲಿ ಮಾನಸ್ 14416, ಉಚಿತ.