ಒಲಿಯದ ಕಂಠವನ್ನು ಒಲಿಸಿಕೊಂಡ ಸವಾಯಿ ಗಂಧರ್ವರು



ನಮ್ಮ ಹರಪನಹಳ್ಳಿ ಸೀಮೆಯ ಚಿಗಟೇರಿಯಲ್ಲಿ ನಾರದಮುನಿಯ ಸನ್ನಿಧಿ ಇರುವುದು ಸುತ್ತಲಿನ ಊರುಗಳಿಗೆಲ್ಲ ತಿಳಿದ ಸಂಗತಿ. ನಾರದರೆಂದರೆ ಹೆಗಲ ಮೇಲೆ ವೀಣೆ, ಬಾಯಲ್ಲಿ ಗಾನ. ಆದರೆ ಆ ನಾರದರ ಹಾಡನ್ನೇ ಸಹಿಸದವರು ಇದ್ದರೆಂದು ಪುರಾಣ ಹೇಳುತ್ತದೆ. ವೈಕುಂಠದಲ್ಲಿ ತುಂಬುರನಿಗೆ ದೊರೆತ ಮನ್ನಣೆಯನ್ನು ಕಂಡು ಸಂಕಟಪಟ್ಟ ನಾರದರು ಗಾನಬಂಧುವೆಂಬ ಗೂಬೆಯನ್ನೇ ಗುರುವಾಗಿ ಮಾಡಿಕೊಂಡು ಬಹುಕಾಲ ಕಲಿತರಂತೆ. ಇನ್ನು ತುಂಬುರನನ್ನು ಗೆದ್ದೇನು ಎಂದು ಹೊರಟರೆ, ಅವನ ಮನೆಯ ಹತ್ತಿರ ಕೈಕಾಲು ಮುರಿದ, ಅಂಗ ಊನವಾದ ಸ್ತ್ರೀಪುರುಷರು ಕಂಡರು. ವಿಚಾರಿಸಿದಾಗ ತಿಳಿದದ್ದೇನು? ಅವರೆಲ್ಲ ರಾಗರಾಗಿಣಿಯರು, ನಾರದರ ಹಾಡಿನಿಂದ ಆ ಗತಿ ಬಂದವರು! ತುಂಬುರ ಹಾಡಿದರೆ ಗುಣವಾದೇವೆಂದು ಕಾದು ನಿಂತವರು. ದೇವಋಷಿಯ ಪಾಡೇ ಹೀಗಾದರೆ ಮನುಷ್ಯರ ಮಾತೇನು? ಈ ಸಲ ನಾವು ಹೇಳಹೊರಟದ್ದು ಅಂಥ ಒಬ್ಬ ಮನುಷ್ಯರ ಚರಿತ್ರೆಯನ್ನು.

ತುಂಗಭದ್ರೆ ದಾಟಿ ಹುಬ್ಬಳ್ಳಿಯ ದಾರಿ ಹಿಡಿದರೆ ಕುಂದಗೋಳ ಸಿಗುತ್ತದೆ. ಮೆಣಸಿನಕಾಯಿ, ಹತ್ತಿ ಬೆಳೆಯುವ ಎರೆಹೊಲದ ಊರು. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ನಾಡಿಗೇರ ಮನೆತನದಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದ ಗಣೇಶ ಸಂಶಿ ಎಂಬುವರ ಮಗನಾಗಿ 1886ರ ಜನವರಿ 19ರಂದು ರಾಮಚಂದ್ರ ಹುಟ್ಟಿದ. ಜನ ಮುಂದೆ ರಾಮಭಾವು ಕುಂದಗೋಳಕರ ಎಂದರು. ಹುಡುಗ ಹುಬ್ಬಳ್ಳಿಯ ಶಾಲೆಗೆ ರೈಲಿನಲ್ಲಿ ಹೋಗಿ ಬರುತ್ತಿದ್ದ. ಪಾಠ ತಲೆಗೆ ಹತ್ತಲಿಲ್ಲ, ಪದ್ಯ ಮಾತ್ರ ಬಾಯಿಗೆ ಹತ್ತಿದವು. ತಾಯಿ ತೀರಿಕೊಂಡ ಮೇಲೆ ಶಾಲೆ ನಿಂತೇ ಹೋಯಿತು. ತಂದೆ ಬೈಯಲಿಲ್ಲ, ಬಳವಂತರಾವ್ ಕೊಲ್ಹಟಕರರ ಹತ್ತಿರ ಸಂಗೀತಕ್ಕೆ ಬಿಟ್ಟರು. ಮಗನಿಗೆ ಯಾವುದು ದಕ್ಕುತ್ತದೆಂಬುದನ್ನು ಕಂಡುಕೊಂಡ ತಂದೆ ಅವರು. ಆ ಗುರುಗಳು ಕಾಲವಾದ ಮೇಲೆ ಹುಡುಗ ಮತ್ತೆ ಬರಿಗೈಯಲ್ಲಿ ನಿಂತ.

ಕುಂದಗೋಳದ ನಾಡಿಗೇರ ವಾಡೆಗೆ ದೊಡ್ಡ ದೊಡ್ಡ ಗವಾಯಿಗಳು ಬಂದು ಇಳಿದುಕೊಳ್ಳುತ್ತಿದ್ದರು. ಹಾಗೆ ಬಂದವರಲ್ಲಿ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಒಬ್ಬರು. ಅವರ ದನಿ ಜೇನಿನ ಎಳೆ ಇದ್ದ ಹಾಗೆ. ಧ್ವನಿಮುದ್ರಿಕೆಗಳು ಇಂದಿಗೂ ಸಾಕ್ಷಿಗೆ ಇವೆ. ಅದನ್ನು ಕೇಳಿದ ರಾಮಚಂದ್ರನಿಗೆ ಇವರೇ ಗುರುವಾಗಬೇಕೆಂಬ ಹಟ ಹಿಡಿಯಿತು. ಎಂಟು ವರ್ಷ ತಮ್ಮ ಹತ್ತಿರವೇ ಇರಬೇಕು ಎಂಬ ಕರಾರಿನ ಮೇಲೆ ಖಾನರು ಒಪ್ಪಿಕೊಂಡರು. ಗುರು ಮುಸಲ್ಮಾನರು, ಶಿಷ್ಯ ಬ್ರಾಹ್ಮಣ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲವಾದರೂ ವಿದ್ಯೆಗೆ ಅಡ್ಡಿಯಾಗಲಿಲ್ಲ.

ಅಡ್ಡಿಯಾದದ್ದು ಕಂಠ. ಗುರುವಿನ ಗಂಟಲು ಎಷ್ಟು ಮೃದುವೋ ಶಿಷ್ಯನ ಗಂಟಲು ಅಷ್ಟು ಒರಟು. ಹರೆಯಕ್ಕೆ ಬಂದು ದನಿ ಒಡೆದ ಮೇಲಂತೂ ಹೇಳಿದಂತೆ ಕೇಳದ ಎತ್ತಾಯಿತು. ಬುದ್ಧಿಗೆ ಸ್ವರ ತಿಳಿಯುತ್ತದೆ, ಗಂಟಲು ಅಲ್ಲಿಗೆ ಹೋಗಲೊಲ್ಲದು. ಇಂಥ ಶಿಷ್ಯನನ್ನು ಬೇರೆ ಗುರುವಾದರೆ ತಾಳ ಹಾಕಲು ಕೂಡಿಸಿಬಿಡುತ್ತಿದ್ದರು. ನಮ್ಮ ಊರುಗಳ ಭಜನಾ ಮೇಳದಲ್ಲಿ ಆಗುವುದೂ ಅದೇ ಅಲ್ಲವೇ? ದನಿ ಗೊಗ್ಗರಾದವನ ಕೈಗೆ ದಮ್ಮಡಿ ಕೊಟ್ಟು, ಬಾಯಿ ತೆರೆಯಬೇಡವೆಂದು ಸನ್ನೆ ಮಾಡುತ್ತೇವೆ. ಅವನು ಮರುವಾರದಿಂದ ಗುಡಿಯ ಕಟ್ಟೆಗೆ ಬರುವುದನ್ನೇ ಬಿಡುತ್ತಾನೆ. ಯಾಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ.

ಖಾನರು ಹಾಗೆ ಮಾಡಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾದಂಥ ಕೆಲವೇ ರಾಗಗಳನ್ನು ಹಿಡಿಸಿ, ಅವನ್ನೇ ತಿಂಗಳುಗಟ್ಟಲೆ ತಿರುವಿ ತಿರುವಿ ಹಾಡಿಸಿದರು. ತಿಳಿಯದವರಿಗೆ ಇದು ಬೇಸರದ ಕೆಲಸ. ಈ ರಾಗಗಳಲ್ಲಿ ಸ್ವರಗಳ ಜಾಗ ಬಹಳ ನಾಜೂಕು. ಕೂದಲೆಳೆಯಷ್ಟು ಸರಿದರೂ ರಾಗ ಕೆಡುತ್ತದೆ. ಅಲ್ಲಿ ನಿಂತು ಪಳಗಿದ ಗಂಟಲು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಕಿರಾನಾದವರ ರೀತಿಯೂ ಈ ಶಿಷ್ಯನಿಗೆ ಒದಗಿ ಬಂತು. ಅವರು ರಾಗವನ್ನು ಒಂದೇ ಉಸಿರಿಗೆ ಓಡಿಸುವವರಲ್ಲ. ಒಂದೊಂದೇ ಸ್ವರವನ್ನು ಹಚ್ಚಿ, ಅದು ಬೆಳಗಿದ ಮೇಲೆ ಮುಂದಿನದಕ್ಕೆ ಹೋಗುವವರು. ಓಡಲಾರದ ಗಂಟಲಿಗೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಇಷ್ಟೆಲ್ಲ ಆದರೂ ದನಿ ಪೂರ್ತಿ ಬದಲಾಗಲಿಲ್ಲ ಎಂಬುದನ್ನು ಭಕ್ತರು ಗಮನಿಸಬೇಕು. ಪವಾಡ ಏನೂ ನಡೆಯಲಿಲ್ಲ. ದೊಡ್ಡ ಗವಾಯಿ ಎನಿಸಿಕೊಂಡ ಮೇಲೂ ಕಚೇರಿಯ ಮೊದಲ ಭಾಗದಲ್ಲಿ ಅವರ ಗಂಟಲು ತೊಡಕುತ್ತಿತ್ತು, ಬಿರುಸಾಗಿಯೇ ಕೇಳುತ್ತಿತ್ತು. ಹೊಸದಾಗಿ ಬಂದ ಕೇಳುಗರು ಮುಖ ಮುಖ ನೋಡಿಕೊಳ್ಳುವಂತಾಗುತ್ತಿತ್ತು. ಬಲ್ಲವರು ಮಾತ್ರ ಕಾಯುತ್ತಿದ್ದರು. ದನಿ ಕಾವೇರಿದ ಮೇಲೆ ಅದೇ ಗಂಟಲಿನಿಂದ ಬರುವ ಸ್ವರ ಎದೆಯನ್ನು ಹಿಂಡುತ್ತಿತ್ತು. ಅವಸರದಲ್ಲಿ ಎದ್ದು ಹೋದವನಿಗೆ ಕೆಟ್ಟ ದನಿಯಷ್ಟೇ ದಕ್ಕಿತು.

ಇನ್ನೊಂದು ವಿಚಿತ್ರ. ಇಂಥ ದನಿಯವರು ನಾಟಕ ಕಂಪನಿ ಸೇರಿ ಹೆಸರು ಮಾಡಿದರು, ಅದೂ ಸ್ತ್ರೀಪಾತ್ರಗಳಲ್ಲಿ! ಗುರುಗಳಿಗೆ ಇದು ಸರಿಬರಲಿಲ್ಲ. ನಾಟಕದ ಹಾಡಿನಿಂದ ಗಂಟಲು ಕೆಡುತ್ತದೆಂಬ ಅಂಜಿಕೆ ಆ ಕಾಲದ ಉಸ್ತಾದರಿಗೆಲ್ಲ ಇತ್ತು. ಗುರುವಿನ ಮನಸ್ಸಿಗೆ ವಿರುದ್ಧ ನಡೆದದ್ದನ್ನು ನಾವು ಮೆಚ್ಚಿ ಹೇಳುತ್ತಿಲ್ಲ, ಮುಚ್ಚಿಡುವುದೂ ಸಲ್ಲದು. ಮರಾಠಿ ರಂಗಭೂಮಿಯಲ್ಲಿ ಆಗ ಬಾಲಗಂಧರ್ವರ ಹೆಸರು ಮೆರೆಯುತ್ತಿತ್ತು. ಅಂಥಲ್ಲಿ ಇವರಿಗೆ ಸವಾಯಿ ಗಂಧರ್ವ ಎಂಬ ಬಿರುದು ಬಂತು. ಸವ್ವಾ ಸೇರು ಎನ್ನುತ್ತೇವಲ್ಲ, ಅದೇ ಲೆಕ್ಕ. ಗಂಧರ್ವನಿಗಿಂತ ಕಾಲುಭಾಗ ಹೆಚ್ಚಿನವನು ಎಂದು ಅರ್ಥ.

ಕೊನೆಗೆ ಅವರು ಬಂದು ನಿಂತದ್ದು ಕುಂದಗೋಳದಲ್ಲೇ. ಗದುಗಿನ ಕಡೆಯಿಂದ ಮನೆ ಬಿಟ್ಟು ಊರೂರು ಅಲೆದ ಹುಡುಗ ಭೀಮಸೇನ ಜೋಶಿ 1936ರ ಹೊತ್ತಿಗೆ ಅವರ ಮನೆ ಸೇರಿದ. ನೀರು ಹೊತ್ತ, ಸೇವೆ ಮಾಡಿದ, ಕಲಿತ. ನಮ್ಮ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳೂ ಸವಾಯಿ ಗಂಧರ್ವರಲ್ಲಿ ಪಾಠ ಪಡೆದವರೇ. ಅವರ ಹುಟ್ಟೂರು ಯಲಿವಾಳ ಕುಂದಗೋಳಕ್ಕೆ ಹತ್ತಿರದ್ದು.

ಆದರೆ ನಮಗೆ ಹೆಚ್ಚು ನೆನಪಾಗುವವರು ಗಂಗೂಬಾಯಿ ಹಾನಗಲ್ಲರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ ಮತ್ತೆ ರೈಲಿಗೆ ಹೋಗುತ್ತಿದ್ದರು. ಗುರುಗಳು ಶಿಷ್ಯೆಗೂ ಅದೇ ಔಷಧ ಕೊಟ್ಟರು: ಸ್ವಲ್ಪವೇ ಹೇಳಿಕೊಡುವುದು, ಅದನ್ನೇ ನೂರು ಸಲ ತಿದ್ದುವುದು. 1930ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಸಣ್ಣ, ಎತ್ತರದ ಹೆಣ್ಣುದನಿ ಕೇಳುತ್ತದೆ. ಆಮೇಲೆ ಗಂಟಲ ಬೇನೆಗೆ ಚಿಕಿತ್ಸೆಯಾಗಿ ದನಿ ದಪ್ಪಗಾಯಿತು, ಗಂಡುದನಿಯೇ ಆಯಿತು. ರೇಡಿಯೋದಲ್ಲಿ ಕೇಳಿದವರು ಯಾರೋ ಗಂಡಸರು ಹಾಡುತ್ತಿದ್ದಾರೆಂದು ತಿಳಿದರು. ಹೆಂಗಸಿಗೆ ಇದೆಂಥ ದನಿ ಎಂದು ಮೂಗು ಮುರಿದವರು ಕಡಿಮೆ ಇರಲಿಲ್ಲ. ಇವತ್ತಿಗೂ ಆ ದನಿ ಒಗ್ಗದವರು ಇದ್ದಾರೆ. ಒಗ್ಗದಿದ್ದರೆ ತಪ್ಪೆಂದು ನಾವು ಹೇಳುವುದಿಲ್ಲ. ಒಬ್ಬರಿಗೆ ಬೆಲ್ಲ, ಒಬ್ಬರಿಗೆ ಹಾಗಲಕಾಯಿ. ಆದರೆ ಕಿವಿಗೆ ಸೇರದ್ದಕ್ಕೆ ಹಾಡುವವರನ್ನೇ ಹೀಯಾಳಿಸುವುದು ಬೇರೆ ಮಾತು. ಗಂಗೂಬಾಯಿಯವರು ಹೋದ ದನಿಗಾಗಿ ಅಳುತ್ತ ಕೂಡಲಿಲ್ಲ, ಬಂದ ದನಿಗೆ ತಕ್ಕ ಹಾಡಿಕೆಯನ್ನು ಕಟ್ಟಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ದಪ್ಪ ದನಿಗೇ. ಅವರು 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ಸವಾಯಿ ಗಂಧರ್ವರ ಕೊನೆಯ ವರ್ಷಗಳು ಕಷ್ಟದವು. 1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಅಷ್ಟು ವರ್ಷ ಗುದ್ದಾಡಿ ಒಲಿಸಿಕೊಂಡ ಕಂಠ ಕೈಬಿಟ್ಟಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಪ್ರಾಣ ಬಿಟ್ಟರು. ಮರುವರ್ಷ, 1953ರಿಂದ ಅಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ನೀರು ಹೊತ್ತ ಶಿಷ್ಯ ಭೀಮಸೇನ ಜೋಶಿಯವರೇ ಅದನ್ನು ದಶಕಗಳ ಕಾಲ ಮುಂದೆ ನಿಂತು ನಡೆಸಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಗುರುವಿನ ಹೆಸರಿನಲ್ಲಿ ಶಿಷ್ಯರು ಕೂಡಿ, ರಾತ್ರಿಯಿಡೀ ಹಾಡಿದರು.