ಬಾಗಿಲು ತೆರೆಸಿದ ಕಮಲಾ ಸೊಹೋನಿ



ಇಂದಿರಾನಗರಕ್ಕೂ ಕೆ.ಆರ್. ಪುರಕ್ಕೂ ನಡುವೆ ಸಿ.ವಿ. ರಾಮನ್ ನಗರ ಎಂಬ ಬಡಾವಣೆ ಇದೆ. ನಿಮ್ಮಲ್ಲಿ ಕೆಲವರ ಮನೆ ಅಲ್ಲೇ ಇರಬಹುದು. ರಾಮನ್ ಯಾರೆಂದು ನಿಮಗೆಲ್ಲ ಗೊತ್ತು. ಬೆಳಕಿನ ಚದುರುವಿಕೆಯ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಬಹುಮಾನ ಪಡೆದವರು. ಫೆಬ್ರವರಿ 28ರಂದು ನಾವು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುವುದು ಅವರ ಸಂಶೋಧನೆಯ ನೆನಪಿಗಾಗಿ. ಇಷ್ಟು ದೊಡ್ಡ ವಿಜ್ಞಾನಿಯೂ ಒಮ್ಮೆ ಒಂದು ತಪ್ಪು ತೀರ್ಮಾನ ಮಾಡಿದ್ದರು. ಅದು ತಪ್ಪೆಂದು ತೋರಿಸಿಕೊಟ್ಟವರು ಒಬ್ಬ ವಿದ್ಯಾರ್ಥಿನಿ. ಅವರೇ ಕಮಲಾ ಸೊಹೋನಿ.

ಕಮಲಾ ಹುಟ್ಟಿದ್ದು ಇಂದೋರಿನಲ್ಲಿ. ತವರಿನ ಹೆಸರು ಭಾಗವತ್. ಅವರ ತಂದೆಯೂ ತಂದೆಯ ಸಹೋದರರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಓದಿದ ರಸಾಯನ ವಿಜ್ಞಾನಿಗಳು. ಕಮಲಾ ಅವರಿಗೂ ಅಲ್ಲೇ ಓದುವ ಆಸೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು, ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ರಾಮನ್ ನಿರ್ದೇಶಕರು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು!

ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೆ ಬಂದು ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ ಪ್ರವೇಶ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಗಂಡು ವಿದ್ಯಾರ್ಥಿಗಳ ಗಮನ ಕೆಡಬಾರದು.

ಈಗ ಯೋಚಿಸಿ. ಎರಡು ಬಗೆಯ ಬೀಜಗಳಲ್ಲಿ ಯಾವುದು ಚೆನ್ನಾಗಿ ಮೊಳೆಯುತ್ತದೆ ಎಂದು ನೋಡಬೇಕಾದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಮಣ್ಣು, ಅಷ್ಟೇ ನೀರು, ಅಷ್ಟೇ ಬಿಸಿಲು ಕೊಡುತ್ತೀರಿ. ಒಂದಕ್ಕೆ ಮಾತ್ರ ನೀರು ಕಡಿಮೆ ಮಾಡಿದರೆ ಅದು ಸರಿಯಾದ ಪ್ರಯೋಗವಲ್ಲ. ಕಮಲಾ ಅವರಿಗೆ ಹಾಕಿದ ಷರತ್ತು ಗಂಡು ವಿದ್ಯಾರ್ಥಿಗಳಿಗೆ ಇರಲಿಲ್ಲ. ಮನಸ್ಸಿಗೆ ನೋವಾದರೂ ಅವರು ಒಪ್ಪಿಕೊಂಡು ಕೆಲಸಕ್ಕಿಳಿದರು.

ಶ್ರೀನಿವಾಸಯ್ಯ ಎಂಬ ಗುರುಗಳ ಬಳಿ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. ವರ್ಷ ಕಳೆಯುವುದರಲ್ಲಿ ರಾಮನ್ ಅವರಿಗೂ ಅವರ ಶ್ರದ್ಧೆ ಮನವರಿಕೆಯಾಯಿತು. ಕಮಲಾ 1936ರಲ್ಲಿ ಎಂ.ಎಸ್‌ಸಿ. ಮುಗಿಸಿದರು. ಅವರು ತೆರೆಸಿದ ಬಾಗಿಲಿನಿಂದ ಇತರ ಹೆಣ್ಣುಮಕ್ಕಳೂ ಒಳಗೆ ಬಂದರು. ಮುಂದೆ ಹವಾಮಾನ ಉಪಕರಣಗಳಿಗೆ ಹೆಸರಾದ ಅನ್ನಾ ಮಣಿ 1940ರಲ್ಲಿ ರಾಮನ್ ಅವರ ಪ್ರಯೋಗಾಲಯಕ್ಕೇ ಸೇರಿದರು.

ಕಮಲಾ ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯಲು ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ನೆರವಾಗುತ್ತದೆ. ಅದು ಸಸ್ಯಗಳಲ್ಲೂ ಇದೆಯೆಂದು ಆಲೂಗೆಡ್ಡೆಯ ಅಧ್ಯಯನದಿಂದ ತೋರಿಸಿದರು. 1939ರಲ್ಲಿ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು.

ಇಂಥ ತಾರತಮ್ಯ ನಮ್ಮ ದೇಶದಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ಕೇಂಬ್ರಿಡ್ಜ್ ಮಹಿಳೆಯರಿಗೆ ಪುರುಷರಷ್ಟೇ ಪೂರ್ಣ ಪದವಿಯ ಹಕ್ಕು ಕೊಟ್ಟದ್ದು 1948ರಲ್ಲಿ. ಜರ್ಮನಿಯ ಬರ್ಲಿನ್‌ನಲ್ಲಿ ಲೀಸ್ ಮೈಟ್ನರ್ ಎಂಬ ವಿಜ್ಞಾನಿ 1907ರಲ್ಲಿ ಪ್ರಯೋಗಾಲಯದ ಕೆಳಗಿನ ಬಡಗಿ ಕೋಣೆಯಲ್ಲಿ ಕೆಲಸ ಮಾಡಬೇಕಾಯಿತು. ಮೇಲಿನ ಕೊಠಡಿಗಳಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ.

ಭಾರತಕ್ಕೆ ಮರಳಿದ ಕಮಲಾ ದೆಹಲಿ, ಕೂನೂರು, ಮುಂಬಯಿಗಳಲ್ಲಿ ದುಡಿದರು. ಬಡವರ ಆಹಾರದ ಪೌಷ್ಟಿಕತೆಯೇ ಅವರ ವಿಷಯ. ತಾಳೆಮರದಿಂದ ಇಳಿಸುವ ಸಿಹಿಯಾದ ನೀರಾದಲ್ಲಿ ಜೀವಸತ್ವಗಳೂ ಕಬ್ಬಿಣದ ಅಂಶವೂ ಇವೆಯೆಂದು ಕಂಡುಕೊಂಡರು. ಅದಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಬಂತು. ಮುಂಬಯಿಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರೂ ಆದರು. 1998ರಲ್ಲಿ ತೀರಿಕೊಂಡರು.

ಇಂದಿಗೂ ಜಗತ್ತಿನ ಸಂಶೋಧಕರಲ್ಲಿ ಮಹಿಳೆಯರು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಮುಂದಿನ ಸಲ ನಿಮ್ಮ ತರಗತಿಯಲ್ಲಿ ಪ್ರಯೋಗ ನಡೆಯುವಾಗ ಗಮನಿಸಿ: ಪ್ರನಾಳ ಹಿಡಿಯುವವರು ಯಾರು, ಪಕ್ಕದಲ್ಲಿ ನಿಂತು ಬರೆದುಕೊಳ್ಳುವವರು ಯಾರು? ಒಂದು ವಾರ ಲೆಕ್ಕವಿಟ್ಟು ಪಟ್ಟಿ ಮಾಡಿ, ನಿಮ್ಮ ಶಿಕ್ಷಕರಿಗೆ ತೋರಿಸಿ. ಆಮೇಲೆ ಸರದಿಯಂತೆ ಎಲ್ಲರೂ ಪ್ರನಾಳ ಹಿಡಿಯಿರಿ.