ಮೈಸೂರು ಅರಮನೆಯ ಅಜ್ಜಿ ಮತ್ತು ಸಿಡುಬಿನ ಲಸಿಕೆ: ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಬದುಕು

ರುವೈಸ್: ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ್ರೆ ಸಾಕು, ಮಕ್ಕಳಿರುವ ಪ್ರತಿ ಮನೆಯಲ್ಲೂ ಜ್ವರ, ನೆಗಡಿ, ಕೆಮ್ಮು, ಮೈಮೇಲೆ ಗುಳ್ಳೆ ಅಂತ ಒಂದಲ್ಲ ಒಂದು ಇದ್ದೇ ಇರುತ್ತೆ. ಬೋಟಿಮ್‌ನಲ್ಲಿ ಊರಿನ ಅಜ್ಜಿಗೆ ಫೋನ್ ಹೋಗುತ್ತೆ, ಅಲ್ಲಿಂದ ಹತ್ತು ಮನೆಮದ್ದು ಬರುತ್ತೆ. ಇನ್ನೂರು ವರ್ಷಗಳ ಹಿಂದೆ ನಮ್ಮ ಮೈಸೂರಿನ ಒಬ್ಬ ಅಜ್ಜಿಯ ಮುಂದೆಯೂ ಇದೇ ಚಿಂತೆ ಇತ್ತು. ಆದರೆ ಆಗಿನ ವೈರಸ್ ನೆಗಡಿಯದ್ದಲ್ಲ, ಸಿಡುಬಿನದ್ದು. ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರನ್ನು ಹೊತ್ತೊಯ್ಯುತ್ತಿದ್ದ, ಉಳಿದವರ ಮುಖದ ಮೇಲೆ ಜೀವನಪೂರ್ತಿ ಕಲೆ ಬಿಡುತ್ತಿದ್ದ, ಕೆಲವರ ಕಣ್ಣನ್ನೇ ಕಸಿದುಕೊಳ್ಳುತ್ತಿದ್ದ ರೋಗ ಅದು. ಆ ಅಜ್ಜಿಯೇ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು.

ಕೈತಪ್ಪಿದ ರಾಜ್ಯ

ಲಕ್ಷ್ಮಮ್ಮಣ್ಣಿಯವರು ಹುಟ್ಟಿದ್ದು 1742ರಲ್ಲಿ. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿಯಾಗಿ ಅರಮನೆಗೆ ಬಂದರು. ಆದರೆ 1761ರ ಹೊತ್ತಿಗೆ ಅಧಿಕಾರವೆಲ್ಲ ಹೈದರಾಲಿಯ ಕೈಗೆ ಹೋಗಿತ್ತು. ಒಡೆಯರು ಹೆಸರಿಗಷ್ಟೇ ರಾಜರು. 1766ರಲ್ಲಿ ಪತಿ ತೀರಿಕೊಂಡಾಗ ರಾಣಿಗೆ ಇಪ್ಪತ್ತನಾಲ್ಕರ ಆಸುಪಾಸು. ಆ ಸಾವಿಗೆ ಸಿಡುಬೇ ಕಾರಣ ಅನ್ನುತ್ತಾರೆ ಇತಿಹಾಸಕಾರರು.

ಅಲ್ಲಿಂದ ಮುಂದೆ ಮೂವತ್ಮೂರು ವರ್ಷ ಅವರು ಕಾವಲಿನ ನೆರಳಲ್ಲೇ ಬದುಕಿದರು. ಹಾಗಂತ ಸುಮ್ಮನೆ ಕೂತವರಲ್ಲ. ತಿರುಮಲರಾಯರಂಥ ನಂಬಿಕಸ್ಥರ ಮೂಲಕ ಗುಟ್ಟಾಗಿ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದರು, 1782ರಲ್ಲಿ ಒಪ್ಪಂದವನ್ನೂ ಮಾಡಿಕೊಂಡರು. ಸಿಕ್ಕಿಬಿದ್ದರೆ ಪ್ರಾಣವೇ ಹೋಗುವಂಥ ಕೆಲಸ. ಇಂಗ್ಲಿಷರನ್ನು ಕರೆದದ್ದು ಸರಿಯೋ ತಪ್ಪೋ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ಅದೇನೇ ಇರಲಿ, ಅವರ ಹಟ ಮತ್ತು ತಾಳ್ಮೆಯನ್ನು ಯಾರೂ ಅಲ್ಲಗಳೆಯೋ ಹಾಗಿಲ್ಲ.

1796ರಲ್ಲಿ ಮನೆತನಕ್ಕೆ ಮತ್ತೊಂದು ಪೆಟ್ಟು. ದತ್ತು ಬಂದಿದ್ದ ಖಾಸಾ ಚಾಮರಾಜ ಒಡೆಯರೂ ತೀರಿಕೊಂಡರು. ಅವರನ್ನು ಕೊಂದದ್ದೂ ಸಿಡುಬೇ ಎಂದು ಇತಿಹಾಸದ ಪುಸ್ತಕಗಳಲ್ಲಿದೆ. ಆಗ ಅವರ ಮಗ, ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಎಂದು ಹೆಸರಾದ ಕೂಸಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅರಮನೆಯ ಸೊತ್ತು ಹೋಯಿತು, ಕುಟುಂಬ ಸಣ್ಣ ಮನೆಗೆ ಬಿತ್ತು. ಆ ಮಗುವನ್ನು ಉಳಿಸಿ ಬೆಳೆಸುವ ಹೊಣೆ ಅಜ್ಜಿಯ ಹೆಗಲಿಗೆ ಬಂತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದರು. ಅದೇ ಜೂನ್ 30ರಂದು ಐದು ವರ್ಷದ ಬಾಲಕನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ದಿವಾನ್ ಪೂರ್ಣಯ್ಯ ಆಡಳಿತ ನೋಡಿಕೊಂಡರು. ಅರಮನೆಯ ಒಳಗೆ ಲಕ್ಷ್ಮಮ್ಮಣ್ಣಿಯವರದ್ದೇ ಹಿರಿತನ.

ನಮ್ಮ ಕೊಲ್ಲಿಯ ಹಾದಿಯಲ್ಲಿ ಬಂದ ಲಸಿಕೆ

ಇಲ್ಲಿ ಗಲ್ಫ್‌ನಲ್ಲಿರೋ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. 1796ರ ಮೇ 14ರಂದು ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ಎಂಟು ವರ್ಷದ ಹುಡುಗ ಜೇಮ್ಸ್ ಫಿಪ್ಸ್‌ಗೆ ಹಸುವಿನ ಸಿಡುಬಿನ ದ್ರವ ಚುಚ್ಚಿದರು. ಹಸುವಿನ ಸಿಡುಬು ಸೌಮ್ಯವಾದದ್ದು. ಒಮ್ಮೆ ಬಂದು ಹೋದರೆ ದೊಡ್ಡ ಸಿಡುಬು ತಾಗೋದಿಲ್ಲ.

ಆದರೆ ಈ ಲಸಿಕೆಯನ್ನು ಭಾರತಕ್ಕೆ ತರೋದು ಹೇಗೆ? ಆಗ ಫ್ರಿಜ್ ಇಲ್ಲ, ಐಸ್ ಪೆಟ್ಟಿಗೆ ಇಲ್ಲ. ಮನುಷ್ಯರ ತೋಳೇ ಶೀಶೆ. ಒಬ್ಬರಿಗೆ ಚುಚ್ಚಿದ ಕಡೆ ಒಂದು ವಾರದಲ್ಲಿ ಗುಳ್ಳೆ ಏಳುತ್ತೆ, ಅದರ ದ್ರವ ತೆಗೆದು ಇನ್ನೊಬ್ಬರಿಗೆ ಚುಚ್ಚಬೇಕು. ನಡುವೆ ಒಂದು ಕೊಂಡಿ ತಪ್ಪಿದರೆ ಎಲ್ಲಾ ಮುಗೀತು. ವಿಯೆನ್ನಾದಿಂದ ಬಾಗ್ದಾದ್, ಅಲ್ಲಿಂದ ಬಸ್ರಾ, ಬಸ್ರಾದಿಂದ ಹಡಗಿನಲ್ಲಿ ಬೊಂಬಾಯಿ. ಅಂದ್ರೆ ರುವೈಸ್ ದಡದಲ್ಲಿ ನಿಂತರೆ ಕಾಣುವ ಇದೇ ಕೊಲ್ಲಿಯ ನೀರಿನ ಮೇಲೆ ಆ ಲಸಿಕೆ ನಮ್ಮ ದೇಶಕ್ಕೆ ಹೋಯಿತು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿ ಭಾರತದಲ್ಲಿ ಲಸಿಕೆ ಫಲಿಸಿದ ಮೊದಲ ಮಗುವಾದಳು. ಅವಳ ತೋಳಿನಿಂದ ಸರಪಳಿ ಊರೂರಿಗೆ ಹಬ್ಬಿತು.

ಜನ ಒಪ್ಪಲಿಲ್ಲ

ಜನರಿಗೆ ಹೆದರಿಕೆ ಇತ್ತು. ಸಿಡುಬು ಅಂದರೆ ಅಮ್ಮ, ಮಾರಮ್ಮನ ಕೋಪ. ಪರಜಾತಿಯವರ ತೋಳಿನ ದ್ರವ ನಮ್ಮ ಮಗುವಿಗೆ ಬೇಡ ಅನ್ನುವವರೂ ಇದ್ದರು. ರೋಗಿಯ ಗುಳ್ಳೆಯಿಂದಲೇ ಕೀವು ತೆಗೆದು ಚುಚ್ಚುವ ಹಳೆಯ ಪದ್ಧತಿಯೂ ದೇಶದ ಹಲವು ಕಡೆ ಇತ್ತು. ಅದರಿಂದ ಬಹಳ ಮಂದಿ ಬಚಾವಾಗುತ್ತಿದ್ದರು ನಿಜ, ಆದರೆ ಬರುತ್ತಿದ್ದದ್ದು ಅಸಲಿ ಸಿಡುಬೇ. ಕೆಲವರು ಸಾಯುತ್ತಿದ್ದರು, ಅಕ್ಕಪಕ್ಕದವರಿಗೂ ಹರಡುತ್ತಿತ್ತು.

1805ರಲ್ಲಿ ಬಾಲರಾಜನಿಗೆ ವಧುವಾಗಿ ದೇವಾಜಮ್ಮಣ್ಣಿ ಎಂಬ ಹುಡುಗಿ ಅರಮನೆಗೆ ಬಂದಳು. ಸುಮಾರು ಹನ್ನೆರಡು ವರ್ಷ. ಆಕೆಗೆ ಹೊಸ ಲಸಿಕೆ ಹಾಕಿಸಲಾಯಿತು. ಅರಮನೆಯ ಹಿರಿಯರ ಒಪ್ಪಿಗೆ ಇಲ್ಲದೆ ಇದು ನಡೆಯೋ ಮಾತಲ್ಲ. ಮನೆತನದ ಇಬ್ಬರು ಗಂಡಸರನ್ನು ಸಿಡುಬು ನುಂಗಿದ್ದನ್ನು ಕಂಡ ಅಜ್ಜಿಗೆ ಈ ರೋಗ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕಿರಿ ರಾಣಿ ಲಸಿಕೆ ಹಾಕಿಸಿಕೊಂಡ ಸುದ್ದಿ ಕೇಳಿ ಜನರೂ ಧೈರ್ಯದಿಂದ ಮುಂದೆ ಬಂದರು ಎಂದು 1806ರ ಜುಲೈ ತಿಂಗಳ ದಾಖಲೆ ತಿಳಿಸುತ್ತದೆ.

ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಬಹಳ ಕಾಲ ಅದನ್ನು ನರ್ತಕಿಯರ ಚಿತ್ರ ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಪ್ರಕಾರ ಅದು ಮೈಸೂರಿನ ರಾಣಿಯರದ್ದು. ಬಲಗಡೆ ದೇವಾಜಮ್ಮಣ್ಣಿ ಸೀರೆ ಸರಿಸಿ, ಲಸಿಕೆ ಚುಚ್ಚಿದ ಎಡತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆ ಅದೇ ಹೆಸರಿನ ಇನ್ನೊಬ್ಬ ರಾಣಿ. ಆಕೆಯ ಮೂಗು, ಬಾಯಿಯ ಸುತ್ತ ಹಳೆ ಪದ್ಧತಿಯ ಗುರುತು. ನಡುವೆ ನಿಂತವರೇ ಲಕ್ಷ್ಮಮ್ಮಣ್ಣಿ ಎಂಬುದು ಅವರ ಅಭಿಪ್ರಾಯ. ಲಸಿಕೆಯ ಪ್ರಚಾರದಲ್ಲಿ ಕಂಪನಿ ಸರ್ಕಾರಕ್ಕೆ ತನ್ನದೇ ಲಾಭ ಇತ್ತು, ಅದನ್ನು ಮರೆಯಬಾರದು. ಆದರೆ ಉಳಿದದ್ದು ನಮ್ಮ ಮಕ್ಕಳ ಜೀವ.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು. ಅವರು ಸಾಕಿದ ಮೊಮ್ಮಗ 1868ರವರೆಗೆ ಬಾಳಿದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇಡೀ ಜಗತ್ತು ಸಿಡುಬಿನಿಂದ ಮುಕ್ತ ಎಂದು ಸಾರಿತು.

ಇವತ್ತಿನ ತಂದೆ ತಾಯಂದಿರಿಗೆ

ಸಿಡುಬು ಹೋಯಿತು, ಆದರೆ ದಡಾರ, ಮಂಗನಬಾವು, ಸೀತಾಳೆ ಸಿಡುಬು, ಫ್ಲೂ ಇನ್ನೂ ಇವೆ. ಇವೆಲ್ಲ ವೈರಸ್‌ನಿಂದ ಬರುವಂಥವು. ವೈರಸ್ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡೋದಿಲ್ಲ. ಊರಿಂದ ಬ್ಯಾಗಿನಲ್ಲಿ ತಂದ ಹಳೆ ಸ್ಟ್ರಿಪ್ ಮಗುವಿಗೆ ಕೊಡಬೇಡಿ. ಸಾಮಾನ್ಯ ವೈರಲ್ ಜ್ವರಕ್ಕೆ ವಿಶ್ರಾಂತಿ, ಆಗಾಗ ನೀರು, ಗಂಜಿ, ಎದೆಹಾಲು, ವಾಂತಿ ಭೇದಿ ಇದ್ದರೆ ಓಆರ್‌ಎಸ್. ಪ್ಯಾರಸಿಟಮಾಲ್ ಕೊಡುವುದಾದರೆ ವಯಸ್ಸಿನ ಅಂದಾಜಿಗಲ್ಲ, ಮಗುವಿನ ತೂಕಕ್ಕೆ ತಕ್ಕ ಅಳತೆ ಕೇಳಿ ಕೊಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ರಜೆ ಮುಗಿಸಿ ಊರಿಂದ ಬಂದ ಮೇಲೆ ಜ್ವರ ಬಂದರೆ ಡೆಂಗ್ಯೂ ಇರಬಹುದು, ಪ್ರಯಾಣದ ವಿಷಯ ಡಾಕ್ಟರಿಗೆ ಹೇಳಲೇಬೇಕು.

ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಏದುಸಿರು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಏನೂ ಕುಡಿಯದಿರುವುದು, ಗಂಟೆಗಟ್ಟಲೆ ಮೂತ್ರ ಹೋಗದಿರುವುದು, ಕುತ್ತಿಗೆ ಬಿಗಿತ, ಇವುಗಳಲ್ಲಿ ಒಂದು ಕಂಡರೂ ಡ್ಯೂಟಿ ಮುಗೀಲಿ ಅಂತ ಕಾಯಬೇಡಿ. ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಇನ್ನೊಂದು ಮಾತು. ಇಲ್ಲಿ ಅರ್ಧ, ಊರಲ್ಲಿ ಅರ್ಧ ಅಂತ ಓಡಾಡುವ ನಮ್ಮ ಕುಟುಂಬಗಳಲ್ಲಿ ಲಸಿಕೆಯ ಒಂದು ಡೋಸ್ ನಡುವೆ ತಪ್ಪಿಹೋಗೋದು ಸುಲಭ. ಎರಡೂ ಕಡೆಯ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಟಿಕೆಟ್ ಬುಕ್ ಮಾಡೋ ಮೊದಲು ಒಮ್ಮೆ ಕ್ಲಿನಿಕ್‌ನಲ್ಲಿ ತೋರಿಸಿ ತಾಳೆ ನೋಡಿ. ಊರಿನ ಅಜ್ಜಿ ಬೇವಿನ ಸೊಪ್ಪು ಇಡು ಅಂದರೆ ಮಂಚದ ಹತ್ತಿರ ಇಡಿ, ತಪ್ಪೇನಿಲ್ಲ. ಲಸಿಕೆಯನ್ನೂ ಹಾಕಿಸಿ. ಅರಮನೆಯ ಅಜ್ಜಿಯ ಕಾಲದಲ್ಲಿ ಅದಕ್ಕೆ ದೊಡ್ಡ ಧೈರ್ಯ ಬೇಕಿತ್ತು. ನಮಗೆ ಒಂದು ಅಪಾಯಿಂಟ್‌ಮೆಂಟ್ ಸಾಕು.